ಲೆಕ್ಕಕ್ಕೆ ಮಿಕ್ಕ ಬೆಳಕು

ಬೀಜಗಣಿತದಲ್ಲಿ ಗೊತ್ತಿಲ್ಲದ ಮೊತ್ತಕ್ಕೆ ನಮ್ಮ ಹಿಂದಿನ ಉಪಾಧ್ಯಾಯರು 'ಕ್ಷ' ಎಂಬ ಅಕ್ಷರವನ್ನು ಇಡುತ್ತಿದ್ದರು. 'ಕ್ಷ ಎಂದು ಭಾವಿಸಿಕೊಳ್ಳೋಣ' ಎಂದೇ ಲೆಕ್ಕ ಶುರುವಾಗುತ್ತಿತ್ತು. ೧೮೯೫ರ ನವೆಂಬರ್ ೮ರಂದು ಜರ್ಮನಿಯಲ್ಲಿ ರಾಂಟ್‌ಜೆನ್ ಎಂಬ ವಿಜ್ಞಾನಿ ಹೊಸದೊಂದು ಕಿರಣವನ್ನು ಕಂಡನು. ಅದರ ಸ್ವರೂಪವೇನೆಂದು ತಿಳಿಯದೆ, ಅಲ್ಲಿಯ ಬೀಜಗಣಿತದಲ್ಲಿ ಅಜ್ಞಾತಕ್ಕೆ ಇಡುವ ಅಕ್ಷರವನ್ನೇ ಅದಕ್ಕೂ ಇಟ್ಟನು. ಅದನ್ನು ಕನ್ನಡಕ್ಕೆ ತಂದವರು 'ಕ್ಷ-ಕಿರಣ' ಎಂದರು. ಅಕ್ಷರಕ್ಕೆ ಅಕ್ಷರ, ಅಜ್ಞಾತಕ್ಕೆ ಅಜ್ಞಾತ. ನಾನು ಕಂಡ ವಿಜ್ಞಾನದ ಪಾರಿಭಾಷಿಕ ಪದಗಳಲ್ಲಿ ಇಷ್ಟು ಒಪ್ಪವಾಗಿ ಕೂತ ಮಾತು ಬೇರೊಂದಿಲ್ಲ.

ರಾಂಟ್‌ಜೆನ್ನನ ಕಿರಣ ಬಹಳ ಕಾಲ ಅಜ್ಞಾತವಾಗಿ ಉಳಿಯಲಿಲ್ಲ. ಅದೂ ಬೆಳಕೇ, ಕಣಕಣದಲ್ಲಿ ಹೆಚ್ಚು ಶಕ್ತಿ ತುಂಬಿದ ಬೆಳಕು. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯಿದ್ದರೆ, ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕಿರಣದ ಕಣದಲ್ಲಿ ಹತ್ತಾರು ಸಾವಿರ ವೋಲ್ಟುಗಳಿರುತ್ತವೆ. ಇವೆರಡರ ನಡುವೆ, ಕೆಲವು ನೂರರಿಂದ ಸುಮಾರು ಎರಡು ಸಾವಿರ ವೋಲ್ಟಿನವರೆಗಿನ ಕಿರಣಗಳಿಗೆ 'ಮೃದು ಕ್ಷ-ಕಿರಣ'ಗಳೆಂದು ಹೆಸರು. ಅದಕ್ಕೆ ಮೇಲ್ಪಟ್ಟವು ಕಠಿನ. ದೂರದ ಕೆಲವು ಗೆಲಾಕ್ಸಿಗಳ ನಡುಭಾಗದಿಂದ ಈ ಮೃದು ಕಿರಣಗಳು ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತಿವೆಯೆಂದು ೧೯೮೫ರಲ್ಲಿ ತಿಳಿದುಬಂತು. ಅವು ಎಲ್ಲಿಂದ ಬರುತ್ತಿವೆ ಎಂಬ ಪ್ರಶ್ನೆಗೆ ನಾಲ್ಕು ದಶಕಗಳಾದರೂ ಎಲ್ಲರೂ ಒಪ್ಪುವ ಉತ್ತರ ಬಂದಿಲ್ಲ. ಆ ಪ್ರಶ್ನೆಯ ಇತಿಹಾಸವನ್ನೂ, ಅದರಲ್ಲಿ ನಮ್ಮವರ ಪಾಲನ್ನೂ ಇಲ್ಲಿ ಸ್ಥೂಲವಾಗಿ ಹೇಳುತ್ತೇನೆ.

ಆಕಾಶದಿಂದ ಬರುವ ಕ್ಷ-ಕಿರಣ ನೆಲಕ್ಕೆ ಮುಟ್ಟುವುದಿಲ್ಲ. ನಮ್ಮ ಸಕಲೇಶಪುರದ ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಮುಚ್ಚಿದ ಆಕಾಶ ಸೆಪ್ಟೆಂಬರಿನವರೆಗೆ ಸರಿಯಾಗಿ ತೆರೆಯುವುದಿಲ್ಲ. ಮೋಡದಾಚೆ ನಕ್ಷತ್ರಗಳಿವೆಯೆಂಬುದನ್ನು ನಂಬಿಕೆಯಿಂದಲೇ ಒಪ್ಪಿಕೊಳ್ಳಬೇಕು. ಕ್ಷ-ಕಿರಣದ ಮಟ್ಟಿಗೆ ಇಡೀ ಭೂಮಿಗೆ ವರ್ಷವೆಲ್ಲ ಮಳೆಗಾಲವೇ. ಗಾಳಿಯ ಹೊದಿಕೆಯೇ ಮೋಡ. ಆದುದರಿಂದ ಈ ಶಾಸ್ತ್ರ ರಾಕೆಟ್ಟು ಹಾರುವವರೆಗೆ ಕಾಯಬೇಕಾಯಿತು. ೧೯೬೨ರ ಜೂನ್ ೧೮ರಂದು ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಿಂದ ರಿಕಾರ್ಡೋ ಜಕೋನಿ ಮತ್ತು ಅವರ ಸಂಗಡಿಗರು ಒಂದು ರಾಕೆಟ್ಟನ್ನು ಹಾರಿಸಿದರು. ಚಂದ್ರನಿಂದ ಕ್ಷ-ಕಿರಣ ಬರುತ್ತದೆಯೇ ಎಂದು ನೋಡುವುದು ಉದ್ದೇಶವಾಗಿತ್ತು. ಚಂದ್ರ ಕಾಣಲಿಲ್ಲ, ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಯಾರೂ ಊಹಿಸದಿದ್ದ ಒಂದು ಪ್ರಖರ ಆಕರ ಕಾಣಿಸಿತು. ಕೆಲವೇ ನಿಮಿಷಗಳ ಆ ಹಾರಾಟದಿಂದ ಹೊಸ ಶಾಸ್ತ್ರವೊಂದು ಹುಟ್ಟಿತು. ೨೦೦೨ರಲ್ಲಿ ಜಕೋನಿಯವರಿಗೆ ನೊಬೆಲ್ ಬಹುಮಾನ ಬಂತು.

ನಮ್ಮ ದೇಶದವರು ಇದರಲ್ಲಿ ಹಿಂದೆ ಬೀಳಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದ ಬಿ. ವಿ. ಶ್ರೀಕಂಠನ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿಭಾಗಕ್ಕೆ ಮೊದಲಿಟ್ಟರು. ೧೯೬೮ರಲ್ಲಿ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ ವೃಶ್ಚಿಕದ ಆ ಆಕರವನ್ನೇ ಅವರ ತಂಡ ನೋಡಿತು. ನೆಲದಾಳಕ್ಕೆ ಇಳಿದವರೇ ಬಾನೆತ್ತರಕ್ಕೂ ಉಪಕರಣ ಕಳಿಸಿದರು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ತುಂಬಾದಿಂದ ರಾಕೆಟ್ಟುಗಳಲ್ಲಿ ಕ್ಷ-ಕಿರಣ ಉಪಕರಣಗಳನ್ನು ಕಳಿಸಿದರು. ಮುಂದೆ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಅವರ ನೇತೃತ್ವದಲ್ಲಿ ಕಟ್ಟಿದ 'ಆರ್ಯಭಟ' ಉಪಗ್ರಹ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಹಾರಿತು. ೩೬೦ ಕಿಲೋಗ್ರಾಂ ತೂಕದ ಆ ಮೊದಲ ಕೂಸಿನಲ್ಲಿಯೂ ಒಂದು ಕ್ಷ-ಕಿರಣ ಉಪಕರಣವಿತ್ತು. ನಾಲ್ಕು ದಿನಗಳಲ್ಲಿ ವಿದ್ಯುತ್ ಸರಬರಾಜು ಕೆಟ್ಟು ಪ್ರಯೋಗಗಳು ನಿಂತವು. ಅಷ್ಟರಲ್ಲಿಯೇ ಅದು ಹಂಸ ನಕ್ಷತ್ರಪುಂಜದ ಪ್ರಸಿದ್ಧ ಆಕರವನ್ನು ನೋಡಿತ್ತು. ಆರ್ಯಭಟನ ಹೆಸರನ್ನು ರಸಪ್ರಶ್ನೆಗೆಂದು ಬಾಯಿಪಾಠ ಮಾಡುವ ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ.

ಇನ್ನು ಗೆಲಾಕ್ಸಿಗಳ ಮಾತು. ನಮ್ಮ ಆಕಾಶಗಂಗೆಯಂಥ ಕೋಟ್ಯಂತರ ನಕ್ಷತ್ರಗಳ ಸಮುದಾಯಕ್ಕೆ ಗೆಲಾಕ್ಸಿ ಎಂದು ಹೆಸರು. ೧೯೪೩ರಲ್ಲಿ ಕಾರ್ಲ್ ಸೀಫರ್ಟ್ ಎಂಬ ಅಮೆರಿಕನ್ ಖಗೋಳಜ್ಞರು ಕೆಲವು ಗೆಲಾಕ್ಸಿಗಳ ನಡುಭಾಗ ಮಾತ್ರ ವಿಪರೀತ ಪ್ರಕಾಶಮಾನವಾಗಿದೆಯೆಂದೂ, ಅಲ್ಲಿ ಅನಿಲಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿವೆಯೆಂದೂ ತೋರಿಸಿದರು. ಇವೇ 'ಸಕ್ರಿಯ ಗೆಲಾಕ್ಸಿ'ಗಳು. ೧೯೬೩ರಲ್ಲಿ ಕ್ವೇಸಾರುಗಳ ಅಪಾರ ದೂರ ಗೊತ್ತಾದ ಮೇಲೆ, ಅಷ್ಟು ಸಣ್ಣ ಜಾಗದಿಂದ ಅಷ್ಟು ಬೆಳಕು ಹೇಗೆ ಬರುತ್ತದೆಂಬುದು ದೊಡ್ಡ ಒಗಟಾಯಿತು. ೧೯೬೯ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಲಿಂಡೆನ್-ಬೆಲ್ ಅವರು ಗೆಲಾಕ್ಸಿಗಳ ನಡುವೆ ಭಾರಿ ಕಪ್ಪುಕುಳಿಗಳಿರಬೇಕೆಂದು ವಾದಿಸಿದರು. ಬೆಳಕೂ ಹೊರಬರಲಾರದಷ್ಟು ಸೆಳೆತವುಳ್ಳ ಕಾಯ ಅದು. (ಕಪ್ಪುಕುಳಿಯನ್ನು ಕೆಣಕಿದರೆ ಅದು ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು ೧೯೭೦ರಲ್ಲಿ ಗಣಿತದಿಂದ ತೋರಿಸಿದ ಸಿ. ವಿ. ವಿಶ್ವೇಶ್ವರ ಅವರು ನಮ್ಮ ಬೆಂಗಳೂರಿನವರು; ಕನ್ನಡದ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ.)

ಕಪ್ಪುಕುಳಿ ತಾನೇ ಬೆಳಗುವುದಿಲ್ಲ. ಅದರೊಳಕ್ಕೆ ಬೀಳುವ ಅನಿಲ ನೇರವಾಗಿ ಬೀಳದೆ, ತುಂಬಿದ ಹೊಳೆಯ ಸುಳಿಯಲ್ಲಿ ಎಲೆ ಸುತ್ತುವಂತೆ ಸುತ್ತಿ ಸುತ್ತಿ ಒಳಗೆ ಸರಿಯುತ್ತದೆ. ಸುತ್ತುವ ಅನಿಲ ತಟ್ಟೆಯಾಗಿ ಹರಡಿ, ತಿಕ್ಕಾಟದಿಂದ ಕಾದು, ಬೆಳಗುತ್ತದೆ. ಈ ತಟ್ಟೆಯ ಲೆಕ್ಕಾಚಾರವನ್ನು ೧೯೭೩ರಲ್ಲಿ ಶಕುರಾ ಮತ್ತು ಸುನ್ಯಾಯೆವ್ ಎಂಬ ರಷ್ಯದ ವಿದ್ವಾಂಸರು ಕೊಟ್ಟರು. ಹತ್ತು ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿಯ ತಟ್ಟೆ ಒಂದೆರಡು ಲಕ್ಷ ಡಿಗ್ರಿಯವರೆಗೆ ಕಾಯುತ್ತದೆ; ಅದರ ಬೆಳಕು ಮುಖ್ಯವಾಗಿ ನೇರಳಾತೀತ ಕಿರಣ. ತಟ್ಟೆಯ ಬಳಿ ಇದಕ್ಕಿಂತ ಬಹು ಬಿಸಿಯಾದ, ನೂರು ಕೋಟಿ ಡಿಗ್ರಿಯ ಆಸುಪಾಸಿನ, ತೆಳುವಾದ ಎಲೆಕ್ಟ್ರಾನುಗಳ ಮೋಡವೊಂದು ಕವಿದಿರುತ್ತದೆ. ಕಠಿನ ಕ್ಷ-ಕಿರಣಗಳು ಹುಟ್ಟುವುದು ಅಲ್ಲಿ. ಇದಕ್ಕೆ ಇಂಗ್ಲಿಷಿನವರು ಕೊರೋನಾ ಎನ್ನುತ್ತಾರೆ. ೨೦೨೦ರ ತರುವಾಯ ಆ ಮಾತು ಯಾರ ಕಿವಿಗೂ ಹಿತವಲ್ಲ. ಬೇಲೂರು ಹಳೇಬೀಡಿನ ಜಿಲ್ಲೆಯವರಾದ ನಮಗೆ 'ಪ್ರಭಾವಳಿ' ಎಂಬ ಮಾತೇ ಇದೆ, ಅದನ್ನೇ ಬಳಸುತ್ತೇನೆ.

ಈಗ ಹೆಚ್ಚುವರಿಯ ಕಥೆಗೆ ಬರೋಣ. ಪ್ರಭಾವಳಿಯಿಂದ ಬರುವ ಕಿರಣಗಳನ್ನು ಶಕ್ತಿಯ ಕ್ರಮದಲ್ಲಿ ಜೋಡಿಸಿ ನಕ್ಷೆ ಬರೆದರೆ ಸುಮಾರು ನೇರವಾದ ಇಳಿಜಾರು ಗೆರೆ ಸಿಕ್ಕುತ್ತದೆ. ಎರಡರಿಂದ ಹತ್ತು ಸಾವಿರ ವೋಲ್ಟಿನವರೆಗೆ ಕಂಡ ಗೆರೆಯನ್ನು ಮೃದು ಕಿರಣಗಳ ಕಡೆಗೂ ಎಳೆದು ನೋಡಿದರೆ, ಸಾವಿರ ವೋಲ್ಟಿನ ಕೆಳಗೆ ನಿಜವಾಗಿ ಬಂದ ಕಿರಣಗಳು ಗೆರೆಯನ್ನು ಮೀರಿ ಏರುತ್ತವೆ. ಈ ಮಿಕ್ಕ ಭಾಗವೇ 'ಮೃದು ಹೆಚ್ಚುವರಿ'. ನಮ್ಮ ಕಾಫಿ ತೋಟದ ರೈಟರು ಮೇಲಿನ ಬ್ಲಾಕಿನ ಕುಯ್ಲನ್ನು ತೂಗಿ, ಅದೇ ಹಿಡಿತದಲ್ಲಿ ಕೆಳಗಿನ ಬ್ಲಾಕಿನ ಅಂದಾಜು ಬರೆದಿಟ್ಟರೆಂದುಕೊಳ್ಳಿ. ಕೆಳಗಿನದನ್ನು ಕುಯ್ದಾಗ ಹಣ್ಣು ಅಂದಾಜನ್ನು ಮೀರಿತು. ಆ ಗಿಡಗಳೇ ಹೆಚ್ಚು ಬಿಟ್ಟವೋ, ಪಕ್ಕದ ಬ್ಲಾಕಿನ ಚೀಲ ಬೆರೆಯಿತೋ, ಅಥವಾ ಅಂದಾಜು ಹಾಕಿದ ರೀತಿಯೇ ತಪ್ಪೋ? ಹೆಚ್ಚುವರಿ ಎಂಬುದು ಅಂದಾಜಿಗೆ ಹೋಲಿಸಿ ಇಟ್ಟ ಹೆಸರು. ಈ ವಾಗ್ವಾದದ ಬೇರು ಇಲ್ಲಿಯೇ ಇದೆ.

೧೯೮೫ರಲ್ಲಿ ಎರಡು ಕಡೆಯಿಂದ ಈ ವರದಿ ಬಂತು. ಯೂರೋಪಿನ ಎಕ್ಸೋಸ್ಯಾಟ್ ಉಪಗ್ರಹದಿಂದ ಮಾರ್ಕೇರಿಯನ್ ೮೪೧ ಎಂಬ ಗೆಲಾಕ್ಸಿಯನ್ನು ನೋಡಿ ಕೀತ್ ಆರ್ನೋ ಮತ್ತು ಸಂಗಡಿಗರು ಬರೆದದ್ದು ಒಂದು. ೧೯೭೭ರಲ್ಲಿ ಹಾರಿದ್ದ ಅಮೆರಿಕದ ಹಿಯೋ-೧ ಉಪಗ್ರಹದ ದಾಖಲೆಗಳಿಂದ ಗಾರ್ಮೈರ್ ಮತ್ತು ನೌಸೆಕ್ ಎಂಬುವರೊಡನೆ ಕುಲಿಂದರ್ ಪಾಲ್ ಸಿಂಗ್ ಎಂಬ ಭಾರತೀಯ ವಿಜ್ಞಾನಿ ಬರೆದದ್ದು ಇನ್ನೊಂದು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಮತ್ತೆ ಬರುತ್ತದೆ. ೧೯೮೯ರಲ್ಲಿ ಟರ್ನರ್ ಮತ್ತು ಪೌಂಡ್ಸ್ ಎಕ್ಸೋಸ್ಯಾಟ್ ನೋಡಿದ ಗೆಲಾಕ್ಸಿಗಳನ್ನು ಒಟ್ಟುಗೂಡಿಸಿ, ಸುಮಾರು ಅರ್ಧದಷ್ಟರಲ್ಲಿ ಈ ಹೆಚ್ಚುವರಿ ಇದೆಯೆಂದರು. ಅಪರೂಪದ ವಿಕಾರವಲ್ಲ, ಸಾಮಾನ್ಯ ಲಕ್ಷಣವೇ ಎಂದಾಯಿತು.

ಮೊದಲು ಎಲ್ಲರಿಗೂ ಹೊಳೆದ ಉತ್ತರ ಸರಳವಾಗಿತ್ತು. ತಟ್ಟೆಯ ಬೆಳಕಿನ ಬಾಲ ನೇರಳಾತೀತವನ್ನು ದಾಟಿ ಮೃದು ಕ್ಷ-ಕಿರಣಕ್ಕೆ ಚಾಚಿದೆ, ಅಷ್ಟೇ. ಆದರೆ ಇದಕ್ಕೆ ತಾಳೆ ನೋಡುವ ದಾರಿಯಿತ್ತು. ಕಪ್ಪುಕುಳಿ ದೊಡ್ಡದಾದಷ್ಟೂ ಅದರ ತಟ್ಟೆ ತಂಪು. ತೂಕ ನೂರು ಪಟ್ಟು ಹೆಚ್ಚಿದರೆ ಉಷ್ಣತೆ ಮೂರನೆಯ ಒಂದಕ್ಕೆ ಇಳಿಯುತ್ತದೆ. ಹಾಗಿದ್ದರೆ ಹೆಚ್ಚುವರಿಯ ಉಷ್ಣತೆಯೂ ಗೆಲಾಕ್ಸಿಯಿಂದ ಗೆಲಾಕ್ಸಿಗೆ ಬದಲಾಗಬೇಕಲ್ಲವೆ? ೧೯೯೯ರಲ್ಲಿ ಹಾರಿದ ಯೂರೋಪಿನ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ ಹತ್ತಾರು ಗೆಲಾಕ್ಸಿಗಳನ್ನು ಅಳೆದಾಗ ಬದಲಾವಣೆಯೇ ಇಲ್ಲ. ತೂಕ ಎಷ್ಟೇ ಇರಲಿ, ೦.೧ರಿಂದ ೦.೨ ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ ಹನ್ನೆರಡರಿಂದ ಇಪ್ಪತ್ಮೂರು ಲಕ್ಷ ಡಿಗ್ರಿ. ತಟ್ಟೆಗೆ ಅದು ಅತಿಯಾದ ಬಿಸಿ.

ಈ ಸ್ಥಿರತೆಯೇ ಮುಂದಿನ ಸುಳಿವಾಯಿತು. ಒಲೆ ದೊಡ್ಡದಿರಲಿ ಸಣ್ಣದಿರಲಿ, ಎಸರು ಕುದಿಯುವುದು ಒಂದೇ ಉಷ್ಣತೆಯಲ್ಲಿ. (ನಮ್ಮ ಮಲೆನಾಡಿನ ಎತ್ತರದಲ್ಲಿ ಅದು ಸುಮಾರು ೯೭ ಡಿಗ್ರಿ, ಆದರೂ ಊರಿಗೆಲ್ಲ ಒಂದೇ.) ಆ ಅಂಕಿ ಒಲೆಯ ಗುಣವಲ್ಲ, ನೀರಿನ ಗುಣ. ಹಾಗೆಯೇ ಹೆಚ್ಚುವರಿಯ ಅಂಕಿ ಕಪ್ಪುಕುಳಿಯ ಗುಣವಾಗಿರದೆ, ಅನಿಲದಲ್ಲಿರುವ ಆಮ್ಲಜನಕ, ಕಬ್ಬಿಣ ಮೊದಲಾದ ಪರಮಾಣುಗಳ ಗುಣವಾಗಿರಬಾರದೇಕೆ? ಪರಮಾಣು ಎಲ್ಲಿದ್ದರೂ ತನ್ನ ನಿಯತ ಶಕ್ತಿಯ ಕಿರಣವನ್ನೇ ಹೀರುತ್ತದೆ, ಉಗುಳುತ್ತದೆ.

೨೦೦೪ರಲ್ಲಿ ಗಿಯರ್ಲಿನ್‌ಸ್ಕಿ ಮತ್ತು ಕ್ರಿಸ್ ಡನ್ ಎಂಬುವರು 'ಈ ಹೆಚ್ಚುವರಿ ನಿಜವೇ?' ಎಂದೇ ತಮ್ಮ ಲೇಖನಕ್ಕೆ ಹೆಸರಿಟ್ಟರು. ತಟ್ಟೆಯಿಂದ ವೇಗವಾಗಿ ಏಳುವ ಅನಿಲ ನಡುವಣ ಶಕ್ತಿಯ ಕಿರಣಗಳನ್ನು ಹೀರಿದರೆ, ಅಲ್ಲಿ ಹಳ್ಳ ಬಿದ್ದು, ಕೆಳಗಿನ ಭಾಗ ಉಬ್ಬಿದಂತೆ ಕಾಣುತ್ತದೆ ಎಂಬುದು ಅವರ ಮಾತು. ಜೇನುಕಲ್ಲು ಬೆಟ್ಟದ ಸೊಂಟಕ್ಕೆ ಬೆಳಗಿನ ಮಂಜು ಕವಿದಾಗ ತುದಿ ಬೇರೆಯೇ ಒಂದು ಗುಡ್ಡದಂತೆ ತೇಲುವುದನ್ನು ನಾವು ಕಂಡವರೇ. ಗುಡ್ಡ ಎರಡಲ್ಲ, ನಡುವೆ ಮಂಜು ಅಷ್ಟೆ. ವಾದ ಚೆನ್ನಾಗಿತ್ತು. ಆದರೆ ಹೀರಿಕೆಯ ಗುರುತುಗಳು ನಕ್ಷೆಯಲ್ಲಿ ಕಾಣದಂತೆ ಅಳಿಸಿಹೋಗಬೇಕಾದರೆ ಅನಿಲಕ್ಕೆ ನಂಬಲಾಗದಷ್ಟು ವೇಗ ಬೇಕಾಗುತ್ತಿತ್ತು. ಈ ಪಕ್ಷ ಬಹಳ ದಿನ ನಿಲ್ಲಲಿಲ್ಲ.

ಉಳಿದ ಎರಡು ಪಕ್ಷಗಳು ಬಲವಾದವು. ಮೊದಲನೆಯದು ಪ್ರತಿಫಲನದ ಪಕ್ಷ. ಪ್ರಭಾವಳಿಯ ಕಿರಣಗಳು ಹೊರಕ್ಕೆ ಬರುವಂತೆ ಕೆಳಗಿನ ತಟ್ಟೆಯ ಮೇಲೂ ಬೀಳುತ್ತವೆ. ತಟ್ಟೆಯ ಪರಮಾಣುಗಳು ಅವನ್ನು ಹೀರಿ ತಮ್ಮ ನಿಯತ ಶಕ್ತಿಗಳಲ್ಲಿ ಮತ್ತೆ ಉಗುಳುತ್ತವೆ. ಕಪ್ಪುಕುಳಿಯ ಅಂಚಿಗೆ ತೀರ ಹತ್ತಿರದಲ್ಲಿ ತಟ್ಟೆಯ ವೇಗವೂ ಸೆಳೆತವೂ ವಿಪರೀತವಾದ್ದರಿಂದ ಆ ಗೆರೆಗಳೆಲ್ಲ ಒಂದರೊಳಗೊಂದು ಕಲಸಿ ನಯವಾದ ಉಬ್ಬಾಗುತ್ತವೆ. ೨೦೦೬ರಲ್ಲಿ ಕ್ರಮ್ಮಿ, ಫೇಬಿಯನ್ ಮತ್ತಿತರರು ೩೪ ಆಕರಗಳನ್ನು ಹೀಗೆಯೇ ವಿವರಿಸಿದರು. ೨೦೦೯ರಲ್ಲಿ ಫೇಬಿಯನ್‌ರ ತಂಡಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಕ್ಕಿತು. ೧ಎಚ್ ೦೭೦೭-೪೯೫ ಎಂಬ ಗೆಲಾಕ್ಸಿಯಲ್ಲಿ ಕಠಿನ ಕಿರಣ ಏರಿಳಿದರೆ, ಮೃದು ಕಿರಣವೂ ಸುಮಾರು ೩೦ ಸೆಕೆಂಡು ತಡವಾಗಿ ಏರಿಳಿಯುತ್ತಿತ್ತು.

ಇದು ಮಾರ್ದನಿಯ ಲೆಕ್ಕ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಘಾಟಿಯಲ್ಲಿ ಸಿಳ್ಳು ಹಾಕಿದರೆ ಎದುರಿನ ಗುಡ್ಡ ಅದನ್ನು ಹಿಂದಿರುಗಿಸುತ್ತದೆ. ಎರಡು ಸೆಕೆಂಡಿನ ಮೇಲೆ ಮಾರ್ದನಿ ಬಂದರೆ, ಶಬ್ದ ಸೆಕೆಂಡಿಗೆ ೩೪೦ ಮೀಟರ್ ಹೋಗುವುದರಿಂದ, ಗುಡ್ಡ ೩೪೦ ಮೀಟರ್ ದೂರದಲ್ಲಿದೆ. ಬೆಳಕು ೩೦ ಸೆಕೆಂಡಿನಲ್ಲಿ ೯೦ ಲಕ್ಷ ಕಿಲೋಮೀಟರ್ ಹೋಗುತ್ತದೆ. ಭೂಮಿಗೂ ಸೂರ್ಯನಿಗೂ ಇರುವ ದೂರದ ಹದಿನಾರನೆಯ ಒಂದು ಪಾಲು ಮಾತ್ರ ಅದು. ಹತ್ತಾರು ಕೋಟಿ ಜ್ಯೋತಿರ್ವರ್ಷಗಳಾಚೆಯ ಗೆಲಾಕ್ಸಿಯೊಂದರ ಎದೆಯಲ್ಲಿ ಇಷ್ಟು ಸಣ್ಣ ಅಂತರವನ್ನು ಗಡಿಯಾರ ಹಿಡಿದು ಅಳೆದದ್ದು ನನಗೆ ಈ ಕಥೆಯಲ್ಲೆಲ್ಲ ಅತ್ಯಂತ ಬೆರಗಿನ ಸಂಗತಿ.

ಎರಡನೆಯದು ಬೆಚ್ಚನೆಯ ಪ್ರಭಾವಳಿಯ ಪಕ್ಷ. ತೆಳುವಾದ ಬಿಸಿ ಮೋಡದ ಹೊರತಾಗಿ, ತಟ್ಟೆಯ ಮೈಗೇ ಅಂಟಿದ ದಪ್ಪನೆಯ, ಅಷ್ಟು ಬಿಸಿಯಲ್ಲದ ಪದರವೊಂದಿದೆ ಎಂದು ಅವರು ಹೇಳುತ್ತಾರೆ. ಸಕಲೇಶ್ವರ ಸ್ವಾಮಿಯ ತೇರಿನ ದಿನ ಮೆಲ್ಲಗೆ ನಡೆದು ಗುಂಪಿನೊಳಗೆ ಹೊಕ್ಕವನು, ಹಿಂದಿನವರ ಮುಂದಿನವರ ತಳ್ಳಾಟಕ್ಕೆ ಸಿಕ್ಕಿ, ಆಚೆ ಬದಿಗೆ ಓಡುತ್ತಲೇ ಹೊರಬೀಳುತ್ತಾನಷ್ಟೆ. ತಟ್ಟೆಯ ನೇರಳಾತೀತ ಕಣವೂ ಈ ಪದರದ ಎಲೆಕ್ಟ್ರಾನುಗಳಿಗೆ ಮತ್ತೆ ಮತ್ತೆ ತಾಗಿ, ಪ್ರತಿ ತಾಗಿಗೂ ಚೂರು ಶಕ್ತಿ ಪಡೆದು, ಮೃದು ಕ್ಷ-ಕಿರಣವಾಗಿ ಹೊರಬರುತ್ತದೆ. ಇದು ನಿಜವಾದರೆ ನೇರಳಾತೀತವೂ ಮೃದು ಕಿರಣವೂ ಜೊತೆಯಲ್ಲಿ ಏರಿಳಿಯಬೇಕು. ೨೦೦೯ರ ಕೊನೆಯಲ್ಲಿ ಮಾರ್ಕೇರಿಯನ್ ೫೦೯ ಗೆಲಾಕ್ಸಿಯನ್ನು ವಾರಗಟ್ಟಲೆ ಕಾವಲಿದ್ದು ನೋಡಿದಾಗ ಹಾಗೆಯೇ ಕಂಡಿತು. ಕಠಿನ ಕಿರಣ ಅವುಗಳ ಜೊತೆ ಹೆಜ್ಜೆ ಹಾಕಲಿಲ್ಲ. ೨೦೧೮ರಲ್ಲಿ ನೋಡಾ ಮತ್ತು ಡನ್ ಇನ್ನೊಂದು ಸಾಕ್ಷಿ ತಂದರು. ಮಾರ್ಕೇರಿಯನ್ ೧೦೧೮ ಎಂಬ ಗೆಲಾಕ್ಸಿ ಕೆಲವೇ ವರ್ಷಗಳಲ್ಲಿ ಮಂಕಾದಾಗ, ಬೇರೆಲ್ಲ ಕಿರಣಗಳಿಗಿಂತ ಹೆಚ್ಚಾಗಿ ಈ ಹೆಚ್ಚುವರಿಯೇ ಕುಗ್ಗಿತ್ತು.

ಎರಡು ಪಕ್ಷಗಳಲ್ಲಿ ಯಾವುದು ಗೆದ್ದರೇನು ಎಂದು ಕೇಳುವವರಿರಬಹುದು. ಪ್ರತಿಫಲನವೇ ನಿಜವಾದರೆ ಈ ಬೆಳಕು ಕಪ್ಪುಕುಳಿಯ ಹೊಸ್ತಿಲಿನಿಂದ ಬಂದದ್ದು. ತಟ್ಟೆಯ ಒಳ ಅಂಚು ಎಷ್ಟು ಸಮೀಪದಲ್ಲಿದೆಯೆಂದು ಅದರಿಂದ ತಿಳಿದು, ಕಪ್ಪುಕುಳಿ ಎಷ್ಟು ರಭಸದಿಂದ ತನ್ನ ಸುತ್ತ ತಾನು ತಿರುಗುತ್ತಿದೆಯೆಂದು ಹೇಳಬಹುದು. ಆ ತಿರುಗಾಟದಲ್ಲಿ ಕಪ್ಪುಕುಳಿ ಬೆಳೆದ ಚರಿತ್ರೆಯಿದೆ: ಒಂದೇ ಸಮನೆ ಅನಿಲ ನುಂಗಿ ಬೆಳೆಯಿತೋ, ಚೂರುಪಾರು ತಿಂದು ಬೆಳೆಯಿತೋ ಎಂಬುದು. ಹಲವು ಗೆಲಾಕ್ಸಿಗಳಿಗೆ ಹೀಗೆ ತಿರುಗಾಟದ ಅಂಕಿಗಳನ್ನು ಬರೆದೂ ಆಗಿದೆ. ಬೆಚ್ಚನೆಯ ಪದರವೇ ನಿಜವಾದರೆ, ಹೆಚ್ಚುವರಿಯನ್ನು ನೆಚ್ಚಿ ಬರೆದ ಅಂಕಿಗಳನ್ನು ಹೊಡೆದುಹಾಕಿ ಮತ್ತೆ ಲೆಕ್ಕ ಮಾಡಬೇಕು.

೨೦೧೯ರಲ್ಲಿ ಹಾವಿಯೆರ್ ಗಾರ್ಸಿಯ ಮತ್ತು ಸಂಗಡಿಗರು ಅದೇ ಮಾರ್ಕೇರಿಯನ್ ೫೦೯ನ್ನೇ ಹಿಡಿದು, ಬೆಚ್ಚನೆಯ ಪದರವಿದ್ದರೆ ಅದರಲ್ಲಿ ಪರಮಾಣುಗಳ ಹೀರಿಕೆಯ ಗುರುತು ಕಾಣಬೇಕಿತ್ತು, ಕಾಣುತ್ತಿಲ್ಲ, ಸಾಂದ್ರವಾದ ತಟ್ಟೆಯ ಪ್ರತಿಫಲನವೇ ಮೇಲು ಎಂದರು. ಪದರದ ಪಕ್ಷದವರು ಮರುವರ್ಷವೇ ಉತ್ತರ ಕೊಟ್ಟರು: ಪದರ ತನ್ನೊಳಗೇ ಕಾಯುತ್ತಿದ್ದರೆ ಅಂಥ ಗುರುತು ಉಳಿಯುವುದಿಲ್ಲ ಎಂದು. ಎರಡೂ ಇವೆ, ಗೆಲಾಕ್ಸಿಗೆ ತಕ್ಕಂತೆ ಪಾಲು ಬೇರೆ ಎಂಬ ರಾಜಿ ಮಾತೂ ಇದೆ. ಮಾರ್ದನಿಯೊಂದನ್ನು ಕೇಳಿದ ಮೇಲೆ ಪ್ರತಿಫಲನವೇ ಇಲ್ಲವೆನ್ನಲು ನನ್ನ ಮನಸ್ಸು ಒಪ್ಪದು. ಆದರೆ ಮಾರ್ಕೇರಿಯನ್ ೫೦೯ರ ಜೊತೆಹೆಜ್ಜೆಯನ್ನು ಪ್ರತಿಫಲನವೊಂದರಿಂದಲೇ ವಿವರಿಸುವುದೂ ಕಷ್ಟ. ರಾಜಿಯೇ ಸರಿಯಿರಬಹುದು.

ಈ ವ್ಯಾಜ್ಯದಲ್ಲಿ ಮುಖ್ಯ ಸಾಕ್ಷಿ ಯಾವುದೆಂಬುದು ಈಗ ಸ್ಪಷ್ಟ: ನೇರಳಾತೀತ, ಮೃದು, ಕಠಿನ, ಈ ಮೂರನ್ನೂ ಏಕಕಾಲದಲ್ಲಿ ನೋಡಬೇಕು. ಇದಕ್ಕೆ ಒಪ್ಪುವಂಥ ಉಪಗ್ರಹವನ್ನು ನಮ್ಮವರು ಕಟ್ಟಿದರು. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟದಿಂದ ಹಾರಿದ 'ಆಸ್ಟ್ರೋಸ್ಯಾಟ್' ಸುಮಾರು ೬೫೦ ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತತೊಡಗಿತು. ಅದರ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸಿದ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮುಂದಾಳು. ಮೃದು ಕ್ಷ-ಕಿರಣ ದೂರದರ್ಶಕ ಟಾಟಾ ಸಂಸ್ಥೆಯದು. ಕ್ಷ-ಕಿರಣ ಸಾಮಾನ್ಯ ಕನ್ನಡಿಗೆ ಬಿದ್ದರೆ ಪ್ರತಿಫಲಿಸದೆ ಒಳಹೊಕ್ಕುಬಿಡುತ್ತದೆ. ಚಪ್ಪಟೆ ಕಲ್ಲನ್ನು ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದರೆ ಪುಟಿಯುವಂತೆ, ತೀರ ಓರೆಯಾಗಿ ಸವರಿದರೆ ಮಾತ್ರ ಪುಟಿಯುತ್ತದೆ. ಆದ್ದರಿಂದ ಚಿನ್ನ ಲೇಪಿಸಿದ ತೆಳು ಅಲ್ಯೂಮಿನಿಯಂ ಹಾಳೆಗಳ ೩೨೦ ಕನ್ನಡಿಗಳನ್ನು ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಜೋಡಿಸಿದರು. ಈ ದೂರದರ್ಶಕದ ಪ್ರಧಾನ ವಿಜ್ಞಾನಿ ಯಾರೆಂದರೆ, ೧೯೮೫ರಲ್ಲಿ ಹೆಚ್ಚುವರಿಯನ್ನು ಕಂಡವರಲ್ಲಿ ಒಬ್ಬರಾದ ಅದೇ ಕುಲಿಂದರ್ ಪಾಲ್ ಸಿಂಗ್. ಪರರ ಉಪಗ್ರಹದ ದಾಖಲೆಯಲ್ಲಿ ಕಂಡದ್ದನ್ನು ಮೂವತ್ತು ವರ್ಷಗಳ ಮೇಲೆ ಸ್ವದೇಶದ ಕಣ್ಣಿನಿಂದ ನೋಡುವ ಯೋಗ ಅವರಿಗಿತ್ತು. ೨೦೧೫ರ ಅಕ್ಟೋಬರ್ ೨೬ರಂದು ಅದರ ಬಾಗಿಲು ತೆರೆದಾಗ ಮೊದಲು ಕಂಡದ್ದೂ ಒಂದು ಸಕ್ರಿಯ ಗೆಲಾಕ್ಸಿಯೇ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ೧೯೮೨ರಿಂದ ಇರುವ ಉಪಗ್ರಹ ನಿಯಂತ್ರಣ ಕೇಂದ್ರದ ದೊಡ್ಡ ಬಟ್ಟಲುಗಳನ್ನು ಕಂಡು, ಎಲ್ಲ ಉಪಗ್ರಹಗಳ ಹಗ್ಗವೂ ಅಲ್ಲಿಯೇ ಇದೆಯೆಂದು ಆಲೂರು, ಸಕಲೇಶಪುರದ ಕಡೆಯವರು ಹೇಳುವುದುಂಟು. ಹಾಗಲ್ಲ. ಅಲ್ಲಿ ನೋಡಿಕೊಳ್ಳುವುದು ೩೬ ಸಾವಿರ ಕಿಲೋಮೀಟರ್ ಎತ್ತರದ ಸಂಪರ್ಕ, ಹವಾಮಾನ ಮೊದಲಾದ ಉಪಗ್ರಹಗಳನ್ನು. ಆಸ್ಟ್ರೋಸ್ಯಾಟ್‌ಗೆ ಆಜ್ಞೆ ಹೋಗುವುದು ಪೀಣ್ಯದಿಂದ, ಆರ್ಯಭಟ ಹುಟ್ಟಿದ ಪ್ರದೇಶದಿಂದಲೇ. ಅದು ಕಳಿಸಿದ ಅಂಕಿಗಳು ಸೇರುವುದು ಬಿಡದಿಯ ಬಳಿಯ ಬ್ಯಾಲಾಳಿನ ಭಂಡಾರಕ್ಕೆ. ಐದು ವರ್ಷಕ್ಕೆಂದು ಕಟ್ಟಿದ ಆ ಉಪಗ್ರಹಕ್ಕೆ ೨೦೨೫ರಲ್ಲಿ ಹತ್ತು ವರ್ಷ ತುಂಬಿತು. ಪುಣೆಯ ಅಯುಕಾ ಸಂಸ್ಥೆಯವರು ಅದರ ಅಂಕಿಗಳಿಂದ ಐಸಿ ೪೩೨೯ಎ ಎಂಬ ಗೆಲಾಕ್ಸಿಯನ್ನು ಅಭ್ಯಸಿಸಿ, ತಟ್ಟೆಯ ನೇರಳಾತೀತ ಕಣಗಳೇ ಪ್ರಭಾವಳಿಯಲ್ಲಿ ಶಕ್ತಿ ಪಡೆದು ಕ್ಷ-ಕಿರಣಗಳಾಗುತ್ತಿವೆಯೆಂದು ೨೦೨೧ರಲ್ಲಿ ತೋರಿಸಿದರು. ಅದು ಬಿಸಿ ಪ್ರಭಾವಳಿಯ ಸಂಗತಿ. ಬೆಚ್ಚನೆಯ ಪದರಕ್ಕೂ ಇಂಥದೇ ಪರೀಕ್ಷೆ ಒಂದೊಂದೇ ಗೆಲಾಕ್ಸಿಯ ಮೇಲೆ ನಡೆಯಬೇಕು. ೨೦೨೪ರ ಜನವರಿ ೧ರಂದು ಹಾರಿದ 'ಎಕ್ಸ್‌ಪೋಸ್ಯಾಟ್' ಉಪಗ್ರಹದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮಾಡಿದ ಉಪಕರಣವಿದೆ. ಕ್ಷ-ಕಿರಣದ ಕಂಪನ ಯಾವ ದಿಕ್ಕಿಗೆ ವಾಲಿದೆಯೆಂದು ಅದು ಅಳೆಯುತ್ತದೆ. ಪುಟಿದು ಬಂದ ಬೆಳಕಿಗೆ ಅಂಥ ವಾಲು ಇರುತ್ತದೆ. ಆದರೆ ಅದು ನೋಡುವುದು ಎಂಟು ಸಾವಿರದಿಂದ ಮೂವತ್ತು ಸಾವಿರ ವೋಲ್ಟಿನ ಕಿರಣಗಳನ್ನು. ಸಾವಿರ ವೋಲ್ಟಿನ ಕೆಳಗಿನ ಮೃದು ಭಾಗಕ್ಕೆ ಹೀಗೆ ವಾಲು ಅಳೆಯುವ ಕಣ್ಣು ಇನ್ನು ಮೇಲೆ ಬರಬೇಕಾಗಿದೆ.